ಟಿ-55 ಟ್ಯಾಂಕ್ ಕಿಟ್: ಮೈಗೆ ಎರಡು ವಾರ, ಚೈನಿಗೆ ಎರಡು ತಿಂಗಳು

ಕಿಟ್ ಒಳ್ಳೆಯದೇ, ಮೊದಲೇ ಹೇಳಿಬಿಡುತ್ತೇನೆ. ದುಡ್ಡಿಗೆ ಮೋಸ ಇಲ್ಲ. ಆದರೆ ಇದರ ಚಕ್ರಗಳ ಸುತ್ತ ಸುತ್ತುವ ಚೈನು ಕೂರಿಸಲಾಗದೆ ಎರಡು ಸಲ ಡಬ್ಬಿ ಮುಚ್ಚಿ ಅಟ್ಟಕ್ಕೆ ಹಾಕಿದ್ದೇನೆ, ಎರಡು ಸಲವೂ ವಾರ ಕಳೆಯುವುದರೊಳಗೆ ನಾನೇ ಏಣಿ ಇಟ್ಟು ಇಳಿಸಿದ್ದೇನೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಮನಸ್ಸು ಮಾಡಿದವರು ಇದನ್ನೊಮ್ಮೆ ಓದಿ ಆಮೇಲೆ ಕೊಳ್ಳಿ.

ಸಾಮಾನು ಇದು: ಸೋವಿಯತ್ ಟಿ-55 ಟ್ಯಾಂಕಿನ 1/35 ಅಳತೆಯ ಪ್ಲಾಸ್ಟಿಕ್ ಮಾದರಿ. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನಾನು ಬೈಯುವ ಒಂದೆರಡು ತಪ್ಪು ನನ್ನ ಕೈಗೆ ಬಂದ ಡಬ್ಬಿಯಲ್ಲಿ ಮಾತ್ರ ಇದ್ದಿರಬಹುದು. ಅಲ್ಲದೆ ಬಿಡಿಬಿಡಿ ಲಿಂಕಿನ ಚೈನು ಕೊಡುವ ಕಿಟ್ ಯಾರದ್ದಾದರೂ ಪಾಡು ಹೆಚ್ಚುಕಮ್ಮಿ ಇದೇ. ನನಗೆ ಬಿದ್ದದ್ದು 3,400 ರೂಪಾಯಿ, ಕೊರಿಯರ್ ಖರ್ಚು ಬೇರೆ. ಡಬ್ಬಿಯ ಒಂದು ಮೂಲೆ ಜಜ್ಜಿಕೊಂಡು ಬಂದಿತ್ತು, ಒಳಗಿನದಕ್ಕೆ ಏನೂ ಆಗಿರಲಿಲ್ಲ.

ಇಷ್ಟೊಂದು ಟ್ಯಾಂಕ್ ಇರುವಾಗ ಟಿ-55ನ್ನೇ ಯಾಕೆ ತೊಗೊಂಡೆ ಅಂದರೆ ಅದಕ್ಕೆ ಮಡಿಕೇರಿ ಕಾರಣ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ ಅಲ್ವಾ, 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಬಂದು ಉದ್ಘಾಟನೆ ಮಾಡಿದ್ದು, ಅಲ್ಲಿ ಒಂದು ನಿಜವಾದ ಟಿ-55 ನಿಂತಿದೆ. ಮನೆಯವರೆಲ್ಲ ಫೋಟೋ ತೆಗೆಸಿಕೊಂಡು ರಾಜಾಸೀಟಿಗೆ ಹೊರಟು ನಿಂತರು. ನಾನು ಮಾತ್ರ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಚೈನು ನೋಡುತ್ತಿದ್ದೆ. ನಮ್ಮ ಕಡೆ ಮಣ್ಣು ತೋಡುವ ಹಿಟಾಚಿ ನೋಡಿದ್ದೀರಲ್ಲ, ಅದರಲ್ಲಿ ಮೇಲಿನ ಚೈನನ್ನು ಹೊರುವುದಕ್ಕೆ ಪುಟ್ಟ ರೋಲರ್ ಇರುತ್ತದೆ. ಟಿ-55ಕ್ಕೆ ಅದಿಲ್ಲ. ಮೇಲಿನ ಚೈನು ಸೀದಾ ಚಕ್ರಗಳ ಮೇಲೇ ಮಲಗುತ್ತದೆ. ಹಿಂದಿನ ಹಲ್ಲಿನ ಚಕ್ರದಿಂದ ಹೊರಟು, ಸ್ವಲ್ಪ ಜೋತು, ಚಕ್ರಗಳ ಮೇಲೆ ಮೈಚಾಚಿ, ಒಂದನೇ ಚಕ್ರಕ್ಕೂ ಎರಡನೇ ಚಕ್ರಕ್ಕೂ ನಡುವೆ ಇರುವ ಅಗಲ ಸಂದಿನಲ್ಲಿ ಇನ್ನೊಮ್ಮೆ ಕೆಳಗಿಳಿದು, ಆಮೇಲೆ ಮುಂತುದಿಯ ಚಕ್ರಕ್ಕೆ ಏರುತ್ತದೆ. ಒದ್ದೆ ಬಟ್ಟೆ ಹಾಕಿದ ಹಗ್ಗ ಹೇಗೆ ಜೋಲುತ್ತದೋ ಹಾಗೆ. ಈ ಜೋಲು ಬರದಿದ್ದರೆ ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಅದು ಆಟದ ಸಾಮಾನೇ. ನಾನು ಈ ಕಿಟ್ ಕೊಂಡಿದ್ದು ಆ ಜೋಲಿಗೋಸ್ಕರ ಅಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಮೈ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕಂದರೆ ಅದರಲ್ಲಿ ಜಗಳವೇ ಇಲ್ಲ. ತಳ, ಮೇಲ್ಭಾಗ, ತೋಪು ಹೊತ್ತು ತಿರುಗುವ ಟರೆಟ್ ಮೂರೂ ಒಂದಕ್ಕೊಂದು ಚೆನ್ನಾಗಿ ಕೂತವು. ಪುಟ್ಟಿ ಬೇಕಾಗಿದ್ದು ಟರೆಟ್ಟಿನ ಎರಡು ಹೋಳು ಸೇರುವ ಗೆರೆಗೆ ಮಾತ್ರ. ನಿಜವಾದ ಟರೆಟ್ ಎರಕ ಹೊಯ್ದದ್ದು, ಮೇಲ್ಮೈ ತರಿತರಿ ಇರುತ್ತದೆ. ಕಿಟ್ಟಿನದ್ದು ಸ್ವಲ್ಪ ನುಣುಪಾಯಿತು ಅನ್ನಿಸಿತು. ತೆಳು ಅಂಟು ಬಳಿದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕುಟ್ಟಿದೆ, ಸರಿಹೋಯಿತು. ಟರೆಟ್ ಸುತ್ತ ಸೈನಿಕರು ಹಿಡಿದುಕೊಳ್ಳುವ ಕಂಬಿಗಳಿವೆ, ಶಾವಿಗೆ ಎಳೆಯಷ್ಟು ಸಣ್ಣ. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸುವಾಗಲೇ ಮೂರು ಮುರಿದವು. ತಾಮ್ರದ ತಂತಿ ಬಗ್ಗಿಸಿ ಹಾಕಿದೆ, ಅದೇ ಚೆನ್ನಾಗಿ ಕಾಣುತ್ತದೆ. ಇಂಜಿನ್ ಮೇಲಿನ ಜಾಲರಿಗೆ ಹಿತ್ತಾಳೆ ತಗಡು ಕೊಟ್ಟಿದ್ದಾರೆ. ಅದಕ್ಕೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಫೆವಿಕ್ವಿಕ್ ಬೇಕು. ಗುಂಡುಸೂಜಿ ತುದಿಯಲ್ಲಿ ಒಂದು ತೊಟ್ಟು ಸಾಕು. ಟ್ಯೂಬಿನಿಂದ ಸೀದಾ ಹಾಕಲು ಹೋದರೆ ಜಾಲರಿಯ ಕಣ್ಣೆಲ್ಲ ಮುಚ್ಚಿಹೋಗುತ್ತದೆ.

ಭಾರತದ ಸೇನೆಯ ಟಿ-55 ಮಾಡಬೇಕು ಅನ್ನುವವರಿಗೆ ಒಂದು ಮಾತು. ಡಬ್ಬಿಯಲ್ಲಿ ಇರುವುದು ಮೂಲದ 100 ಮಿಮೀ ತೋಪು. ಅದರ ಕೊಳವೆಯ ದಪ್ಪ ಉಬ್ಬು ತುದಿಯಲ್ಲೇ ಇರುತ್ತದೆ. ನಮ್ಮವರು ಆಮೇಲೆ ಎಷ್ಟೋ ಟಿ-55ಗಳಿಗೆ 105 ಮಿಮೀ ತೋಪು ಹಾಕಿಸಿದರು, ಅದರಲ್ಲಿ ಉಬ್ಬು ಕೊಳವೆಯ ಮಧ್ಯದ ಕಡೆಗೆ ಬರುತ್ತದೆ. ಹಾಗಾಗಿ ಯಾವ ಕಾಲದ್ದು ಮಾಡುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾಕ್ಕೆ ಪಾಕಿಸ್ತಾನ ತಂದ ಟಿ-59 ಕೂಡ ಇದರ ದಾಯಾದಿಯೇ, ಟಿ-54ನ್ನು ನೋಡಿ ಚೀನಾದವರು ಮಾಡಿದ್ದು. ಆ ಯುದ್ಧದಲ್ಲಿ ಎರಡೂ ಕಡೆ ಒಂದೇ ಮುಖದ ಟ್ಯಾಂಕ್ ಇದ್ದವು ಅಂದರೆ ನೋಡಿ.

ಸರಿ, ಈಗ ಕೆಳಗೆ ಇಳಿಯೋಣ.

ಒಂದೊಂದು ಕಡೆಗೆ ಐದು ದೊಡ್ಡ ಚಕ್ರ, ಒಂದೊಂದಕ್ಕೂ ಅದನ್ನು ಮೈಗೆ ಹಿಡಿಸುವ ಒಂದು ತೋಳು. ತೋಳು ಕೂರುವ ತೂತು ಸ್ವಲ್ಪ ಸಡಿಲ. ಕಣ್ಣಳತೆಯಲ್ಲಿ ಅಂಟಿಸಿದರೆ ಹತ್ತು ಚಕ್ರದಲ್ಲಿ ಎರಡೋ ಮೂರೋ ಗಾಳಿಯಲ್ಲಿ ನಿಲ್ಲುತ್ತವೆ, ಟ್ಯಾಂಕ್ ಕುಂಟು ಕಾಲಿನ ಮಂಚದ ಹಾಗೆ ಅಲ್ಲಾಡುತ್ತದೆ. ನಾನು ಹತ್ತೂ ತೋಳಿಗೆ ಅಂಟು ಹಾಕಿ, ಚಕ್ರಗಳನ್ನು ಸುಮ್ನೆ ಸಿಕ್ಕಿಸಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು, ಮೇಲೆ ಒಂದು ಕೆಜಿ ಸಕ್ಕರೆ ಪೊಟ್ಟಣ ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಕಾಫಿಗೆ ಸಕ್ಕರೆ ಸಿಗದೆ ಸ್ವಲ್ಪ ಮಾತು ಕೇಳಬೇಕಾಯಿತು. ಆದರೆ ಹತ್ತು ಚಕ್ರವೂ ನೆಲ ಮುಟ್ಟಿದವು. ಗ್ರಾನೈಟಿನಷ್ಟು ಸಮತಟ್ಟು ಇನ್ನೇನೂ ಮನೆಯಲ್ಲಿ ಸಿಗುವುದಿಲ್ಲ, ಮೇಜನ್ನು ನಂಬಬೇಡಿ.

ಈ ಹತ್ತರ ಲೆಕ್ಕಕ್ಕೆ ಸೇರದ, ಮುಂತುದಿಯ ಚಕ್ರದ ತೋಳಿಗೆ ಮಾತ್ರ ಅಂಟು ಹಾಕಲೇಬೇಡಿ. ಜೋಡಿಸುವ ಕ್ರಮ ಹೇಳಲು ಡಬ್ಬಿಯಲ್ಲಿ ಕೊಟ್ಟಿರುವ ಪುಸ್ತಕದಲ್ಲಿ ಹಾಕಿ ಅಂತ ಇದೆ. ನಿಜವಾದ ಟ್ಯಾಂಕಿನಲ್ಲಿ ಚೈನು ಬಿಗಿ ಮಾಡುವುದೇ ಆ ತೋಳನ್ನು ತಿರುಗಿಸಿ. ಮಾದರಿಯಲ್ಲೂ ಕೊನೇ ಗಳಿಗೆಯಲ್ಲಿ ಅರ್ಧ ಲಿಂಕಿನಷ್ಟು ಹೆಚ್ಚುಕಮ್ಮಿ ಬಂದಾಗ ಕಾಪಾಡುವುದು ಅದೊಂದೇ.

ಹಲ್ಲಿನ ಚಕ್ರದ ಕಥೆ ಇನ್ನೊಂದು. ಡಬ್ಬಿಯಲ್ಲಿ ಎರಡು ತರದ್ದು ಇವೆ, 13 ಹಲ್ಲಿನದು ಮತ್ತು 14 ಹಲ್ಲಿನದು. ಹಳೇ ಮಾದರಿಯ ಚೈನಿಗೆ 13, ಪಿನ್ನಿಗೆ ರಬ್ಬರ್ ಬುಶ್ ಇರುವ ಆಮೇಲಿನ ಚೈನಿಗೆ 14. ನಾನು ಲೆಕ್ಕ ಮಾಡದೆ ಕೈಗೆ ಸಿಕ್ಕಿದ್ದನ್ನು ಕತ್ತರಿಸಿದ್ದೆ, ಪುಣ್ಯಕ್ಕೆ ಸರಿಯಾದದ್ದೇ ಆಗಿತ್ತು. ಅದಲ್ಲ ವಿಷಯ. ಈ ಚಕ್ರ ಒಳಗಿನ ತಟ್ಟೆ, ಹೊರಗಿನ ತಟ್ಟೆ ಅಂತ ಎರಡು ಭಾಗ. ಎರಡರ ಹಲ್ಲೂ ಎದುರುಬದುರು ಬರಬೇಕು. ಆದರೆ ಅವನ್ನು ಹೊಂದಿಸುವ ಕಚ್ಚು ಕೊಟ್ಟಿಲ್ಲ, ದುಂಡಗಿನ ಕಡ್ಡಿ, ದುಂಡಗಿನ ತೂತು. ಎಡಗಡೆಯದ್ದು ನನಗೆ ಅರ್ಧ ಹಲ್ಲು ಆಚೆ ಕೂತಿತು. ಗೊತ್ತಾಗಿದ್ದು ಹದಿನೈದು ದಿನ ಬಿಟ್ಟು, ಚೈನು ಹಾಕಲು ಹೋದಾಗ. ಒಂದು ಕಡೆ ಹಲ್ಲು ಲಿಂಕಿಗೆ ಸಿಕ್ಕುತ್ತದೆ, ಇನ್ನೊಂದು ಕಡೆಯದ್ದು ಲಿಂಕಿನ ನೆತ್ತಿ ಮೇಲೆ ನಿಲ್ಲುತ್ತದೆ. ಬ್ಲೇಡ್ ಹಾಕಿ ಬಿಡಿಸುವಾಗ ಎರಡು ಹಲ್ಲು ಹೋಯಿತು. ನಿಜವಾಗಿ ನನ್ನದಲ್ಲ, ಚಕ್ರದ್ದು. ಬಲಗಡೆಗೆ ಬುದ್ಧಿ ಬಂದಿತ್ತು. ಎರಡು ತಟ್ಟೆಗೂ ಅಂಟು ಹಾಕಿ, ಅದು ಒಣಗುವ ಮೊದಲೇ ನಾಲ್ಕು ಲಿಂಕನ್ನು ಹಲ್ಲಿನ ಮೇಲೆ ಅಂಟಿಲ್ಲದೆ ಕೂರಿಸಿದೆ. ಲಿಂಕುಗಳೇ ಎರಡೂ ತಟ್ಟೆಯನ್ನು ಎಳೆದು ಸಾಲಿಗೆ ತರುತ್ತವೆ. ಹಾಗೇ ಒಣಗಲು ಬಿಡುವುದು. ಇಷ್ಟು ಸುಲಭದ ಉಪಾಯವನ್ನು ಪುಸ್ತಕದಲ್ಲಿ ಒಂದು ಚಿತ್ರ ಹಾಕಿ ತೋರಿಸಬಾರದಿತ್ತಾ?

ಈಗ ಚೈನು. ಹಿಂದೆ ನಾನು ಕಟ್ಟಿದ ಟ್ಯಾಂಕುಗಳಿಗೆ ರಬ್ಬರಿನ ಹಾಗಿರುವ ಒಂದೇ ಪಟ್ಟಿ ಬರುತ್ತಿತ್ತು. ಎರಡು ತುದಿ ಸೇರಿಸಿ, ಕಾಯಿಸಿದ ಸ್ಕ್ರೂಡ್ರೈವರಿನಿಂದ ಒತ್ತಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಆದರೆ ಆ ಪಟ್ಟಿ ಬಿಗಿಯಾಗಿ ನೇರ ನಿಲ್ಲುತ್ತದೆ, ಟೇಪ್ ರೆಕಾರ್ಡರ್ ಒಳಗಿನ ಬೆಲ್ಟಿನ ಹಾಗೆ. ಟಿ-55ಕ್ಕೆ ಅದನ್ನು ಹಾಕಿದರೆ ಚಕ್ರದ ಮೇಲೆ ಇಷ್ಟು ಎತ್ತರ ತೇಲುತ್ತಿರುತ್ತದೆ. ಇನ್ನು ಕೆಲವು ಕಿಟ್ಟಿನಲ್ಲಿ ಮೇಲಿನ ಉದ್ದ ಸಾಲನ್ನು ಒಂದೇ ತುಂಡಾಗಿ, ಜೋಲು ಸಮೇತ ಅಚ್ಚು ಹೊಯ್ದು, ತಿರುವುಗಳಿಗೆ ಮಾತ್ರ ಬಿಡಿ ಲಿಂಕ್ ಕೊಡುತ್ತಾರೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಅದನ್ನೇ. ಪಿನ್ ಹಾಕಿ ಓಡಾಡುವ ಹಾಗೆ ಮಾಡುವ ಲಿಂಕೂ ಸಿಗುತ್ತವೆ, ನೋಡಲು ಖುಷಿ. ಆದರೆ ಪ್ಲಾಸ್ಟಿಕ್ಕಿಗೆ ತೂಕ ಎಲ್ಲಿದೆ? ನಿಜವಾದ ಟ್ಯಾಂಕ್ 36 ಟನ್, ಅದರ ಚೈನಿನ ಉಕ್ಕು ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಪ್ಲಾಸ್ಟಿಕ್ ಚೈನು ಓಡಾಡಿದರೂ ಮೇಲೇ ಉಬ್ಬಿಕೊಂಡು ನಿಲ್ಲುತ್ತದೆ, ಕೊನೆಗೆ ಅಂಟು ಹಾಕಿ ಕೆಳಗೆ ಒತ್ತಲೇಬೇಕು. ಲೋಹದ ಲಿಂಕ್ ತಾನಾಗಿ ಜೋಲುತ್ತದೆ. ಅದರ ಬೆಲೆಗೆ ಇನ್ನೊಂದು ಕಿಟ್ಟೇ ಬರುತ್ತದೆ.

ನನ್ನ ಕಿಟ್ಟಿನಲ್ಲಿ ಇದ್ದದ್ದು ಅಂಟಿಸುವ ಬಿಡಿ ಲಿಂಕ್. ಒಂದು ಕಡೆಗೆ 90, ನಿಜವಾದ ಟ್ಯಾಂಕಿನಲ್ಲಿ ಇರುವಷ್ಟೇ. ಒಂದೊಂದು ಲಿಂಕ್ ಸುಮಾರು 4 ಮಿಮೀ ಉದ್ದ, ಹದಿನಾರು ಹದಿನೇಳು ಮಿಮೀ ಅಗಲ. ಚೌಕಟ್ಟಿಗೆ ಅಂಟಿಕೊಂಡಿರುವುದು ನಾಲ್ಕು ಕಡೆ. ಲೆಕ್ಕ ಹಾಕಿ, 180 ಲಿಂಕಿಗೆ 720 ಸಲ ಕತ್ತರಿಸಬೇಕು, ಆಮೇಲೆ ಆ 720 ಮೊಂಡು ತುದಿಯನ್ನೂ ಉಪ್ಪುಕಾಗದದಲ್ಲಿ ಉಜ್ಜಬೇಕು. ಮೊದಲ ದಿನ ಮೇಜಿನ ಮೇಲೆ ಕತ್ತರಿಸುತ್ತಿದ್ದೆ. ಕಟರ್ ಟಕ್ ಅಂದಾಗೆಲ್ಲ ಒಂದು ಲಿಂಕ್ ಸೋಫಾ ಕೆಳಗೆ. ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಹುಡುಕಿ ಸಾಕಾಗಿ, ಎರಡನೇ ದಿನ ಅಮ್ಮನ ಮೊರ ತಂದು ತೊಡೆ ಮೇಲೆ ಇಟ್ಟುಕೊಂಡೆ. ಸಿಡಿದರೂ ಮೊರದೊಳಗೇ ಬೀಳುತ್ತದೆ, ಬಿದಿರಿನ ಹೆಣಿಗೆ ಪುಟಿಯಲು ಬಿಡುವುದಿಲ್ಲ. ಅಮ್ಮ ನೋಡಿ, "ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಕರೆದರೆ ಬರಲ್ಲ, ಇದಕ್ಕೆ ಕೂತಿದ್ದೀಯಲ್ಲೋ" ಅಂದರು. ಉತ್ತರ ಇರಲಿಲ್ಲ. ದಿನಕ್ಕೆ ಇಪ್ಪತ್ತೇ ಲಿಂಕ್ ಅಂತ ಕಟ್ಟುಪಾಡು ಮಾಡಿಕೊಂಡೆ. ರಾತ್ರಿ ಊಟ ಆದ ಮೇಲೆ ರೇಡಿಯೋ ಹಾಕಿಕೊಂಡು ಇಪ್ಪತ್ತು. ಅದಕ್ಕಿಂತ ಜಾಸ್ತಿ ಮಾಡಲು ಹೋದರೆ ಕೊನೆಯ ಲಿಂಕುಗಳ ಅಂಚು ಕಚ್ಚಿಹೋಗುತ್ತದೆ.

ಲಿಂಕಿನ ಒಳಮುಖದಲ್ಲಿ ಅಚ್ಚಿನಿಂದ ಹೊರಗೆ ತಳ್ಳುವಾಗ ಮೂಡಿದ ಎರಡು ದುಂಡು ಗುರುತು ಇವೆ. ಮೊದಲ ಹತ್ತಕ್ಕೆ ಪುಟ್ಟಿ ತುಂಬಿದೆ. ಆಮೇಲೆ ಟ್ಯಾಂಕನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಮುಖ ಕಾಣುವುದು ಚಕ್ರಗಳ ಸಂದಿಯಲ್ಲಿ ಅಷ್ಟಿಷ್ಟು, ಅದಕ್ಕೂ ಕೆಸರು ಬಳಿಯುವುದು ಇದ್ದೇ ಇದೆ. ಬಿಟ್ಟೆ. ಎಲ್ಲವನ್ನೂ ತುಂಬುವ ಶ್ರದ್ಧೆ ಇರುವವರಿಗೆ ನನ್ನ ನಮಸ್ಕಾರ.

ಇನ್ನು ಅಂಟು. ಇಡೀ ಕೆಲಸ ನಿಂತಿರುವುದು ಇದರ ಮೇಲೆ, ಪುಸ್ತಕದಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ. ಪ್ಲಾಸ್ಟಿಕ್ ಅಂಟು ಫೆವಿಕಾಲ್ ತರ ಮೆತ್ತಿ ಹಿಡಿಯುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಕರಗಿದ ಜಾಗ ಪೂರ್ತಿ ಗಟ್ಟಿಯಾಗುವ ಮುಂಚೆ ಒಂದಷ್ಟು ಹೊತ್ತು ಬಗ್ಗುತ್ತದೆ. ಆ ಹೊತ್ತಿನಲ್ಲಿ ಸಾಲನ್ನು ಎತ್ತಿ ಚಕ್ರಕ್ಕೆ ಸುತ್ತಬೇಕು. ಮೈಸೂರ್ ಪಾಕ್ ಮಾಡುವವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಮುಂಚೆ ಇಳಿಸಿದರೆ ಹಲ್ವ, ತಡ ಮಾಡಿದರೆ ಇಟ್ಟಿಗೆ. ಉಕ್ಕಿನ ಸ್ಕೇಲಿಗೆ ಒತ್ತಿ ನಲವತ್ತು ಲಿಂಕ್ ಸಾಲಾಗಿ ಜೋಡಿಸಿ, ಕೀಲುಗಳಿಗೆಲ್ಲ ಅಂಟು ಬಳಿದೆ. ಹತ್ತು ನಿಮಿಷಕ್ಕೇ ಎತ್ತಿದೆ, ರೈಲು ಬೋಗಿ ಕಳಚಿದ ಹಾಗೆ ಮೂರು ತುಂಡಾಗಿ ಬಿತ್ತು. ಮತ್ತೆ ಜೋಡಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಫೋನ್, ಮಾತು ಮುಗಿಸಿ ಬರುವಷ್ಟರಲ್ಲಿ ಕೋಡುಬಳೆಯಷ್ಟು ಗಟ್ಟಿ. ಬಗ್ಗಿಸಿದರೆ ಲಟಕ್. ಆವತ್ತೇ ಮೊದಲ ಸಲ ಡಬ್ಬಿ ಅಟ್ಟ ಹತ್ತಿದ್ದು.

ನಾನು ಮಾಡಿದ ತಪ್ಪು ಅಂದರೆ ಟಮಿಯಾ ಅನ್ನುವ ಕಿಟ್ ಕಂಪನಿಯ ಹಸಿರು ಮುಚ್ಚಳದ ತೆಳು ಅಂಟು ಬಳಸಿದ್ದು. ಅಂಟು ಬಹಳ ಒಳ್ಳೆಯದು, ಮೈ ಭಾಗಕ್ಕೆಲ್ಲ ನಾನು ಅದನ್ನೇ ಬಳಸುವುದು. ಆದರೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಆರುತ್ತದೆ, ಸಾಲಿನ ಕೊನೆ ತಲುಪುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ. ಈ ಕೆಲಸಕ್ಕೆ ನಿಧಾನವಾಗಿ ಆರುವ ದಪ್ಪ ಅಂಟು ಬೇಕು. ದಪ್ಪದ್ದರಲ್ಲಿ ನನ್ನ ರೂಮಿನಲ್ಲಿ ಹದ ಬರಲು ನಲವತ್ತು ನಿಮಿಷ ಹಿಡಿಯಿತು, ಮಳೆ ಹಿಡಿದ ದಿನ ಇನ್ನೂ ಜಾಸ್ತಿ. ಗಡಿಯಾರ ನಂಬಬೇಡಿ. ಹೆಚ್ಚಿಗೆ ಕೊಟ್ಟಿರುವುದರಲ್ಲಿ ನಾಲ್ಕು ಲಿಂಕನ್ನು ಪಕ್ಕದಲ್ಲಿ ಬೇರೆಯಾಗಿ ಅಂಟಿಸಿ ಇಡಿ, ಆಗಾಗ ಅದನ್ನು ಬಗ್ಗಿಸಿ ನೋಡಿ. ಚಕ್ಕುಲಿ ಹಿಟ್ಟಿನ ಹಾಗೆ ಬಿರುಕು ಬಿಡದೆ ಬಗ್ಗಿದರೆ ಹದ ಬಂತು ಅಂತ. ಆಗ ಉದ್ದ ಸಾಲನ್ನು ಎರಡೂ ಕೈಯಲ್ಲಿ ಎತ್ತಿ, ಹಲ್ಲಿನ ಚಕ್ರದ ಮೇಲಿಂದ ಶುರು ಮಾಡಿ ಮುಂದಕ್ಕೆ ಮಲಗಿಸುತ್ತಾ ಹೋಗಬೇಕು. ಲಿಂಕಿನ ದಿಕ್ಕು ನೋಡಿಕೊಳ್ಳಿ, ಪುಸ್ತಕದಲ್ಲಿ ಇರುವೆ ಗಾತ್ರದ ಬಾಣ ಒಂದಿದೆ. ಅದನ್ನು ನೋಡದೆ ಎಡಗಡೆ ಹನ್ನೊಂದು ಲಿಂಕ್ ಹಿಂದುಮುಂದು ಹಾಕಿದ ಪುಣ್ಯಾತ್ಮ ನಾನೇ.

ಸುತ್ತಿದ ಮೇಲೆ ಜೋಲು ತರುವುದು. ಕಿವಿ ಬಡ್‌ನ ಹತ್ತಿ ತುದಿಯಿಂದ ಪ್ರತಿ ಚಕ್ರದ ಮೇಲೆ ಚೈನನ್ನು ಮೆಲ್ಲಗೆ ಒತ್ತಿದೆ. ಒಂದನೇ ಎರಡನೇ ಚಕ್ರದ ಸಂದಿನಲ್ಲಿ ಕೂದಲೆಳೆಯಷ್ಟು ಜಾಸ್ತಿ. ಎದ್ದು ಬರದ ಹಾಗೆ ಪಾತ್ರೆ ತಿಕ್ಕುವ ಸ್ಪಂಜನ್ನು ಸಣ್ಣ ತುಂಡು ಮಾಡಿ ಚೈನಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ತುರುಕಿ ರಾತ್ರಿ ಬಿಟ್ಟೆ. ಬಲಗಡೆಯದ್ದನ್ನು ಬೆಳಗ್ಗೆ ಸ್ಪಂಜ್ ತೆಗೆದು ನೋಡಿದಾಗ ಮಡಿಕೇರಿಯಲ್ಲಿ ನೋಡಿದ ಅದೇ ಇಳಿಜಾರು. ಹಲ್ಲುಜ್ಜದೇ ಹತ್ತು ನಿಮಿಷ ಅದನ್ನೇ ನೋಡುತ್ತಾ ನಿಂತಿದ್ದೆ. ಚೈನನ್ನು ಚಕ್ರಕ್ಕೆ ಅಂಟಿಸಬೇಡಿ. ಒಂದು ಕೀಲನ್ನು ನೆಲದ ಸಾಲಿನಲ್ಲಿ ಅಂಟಿಲ್ಲದೆ ಬಿಟ್ಟರೆ ಒಣಗಿದ ಮೇಲೆ ಹಲ್ಲಿನ ಚಕ್ರ, ಮುಂತುದಿಯ ಚಕ್ರ ಸಮೇತ ಇಡಿಯಾಗಿ ಹೊರಗೆ ಬರುತ್ತದೆ, ಬೇರೆಯಾಗಿ ಬಣ್ಣ ಹೊಡೆಯಬಹುದು.

ಇಲ್ಲೇ ಪುಸ್ತಕದ ದೊಡ್ಡ ತಪ್ಪು. ಮೊದಲು ಮಡ್‌ಗಾರ್ಡ್ ಅಂಟಿಸಿ, ಆಮೇಲೆ ಚೈನು ಹಾಕಿ ಅಂತ ಕ್ರಮ ಕೊಟ್ಟಿದ್ದಾರೆ. ಮಡ್‌ಗಾರ್ಡ್ ಅಂಟಿಸಿಬಿಟ್ಟರೆ ಮೇಲೆ ಬೆರಳು ಹೋಗುವಷ್ಟು ಜಾಗವೇ ಇಲ್ಲ, ಮೃದುವಾಗಿರುವ ಚೈನನ್ನು ಒಳಗೆ ತೂರಿಸುವುದು ದಿಂಬಿನ ಕವರಿಗೆ ಪಾಯಸ ಸುರಿದ ಹಾಗೆ. ಮಡ್‌ಗಾರ್ಡನ್ನು ಟೇಪಿನಿಂದ ಹಿಡಿಸಿ ಅಳತೆ ನೋಡಿ, ತೆಗೆದಿಡಿ. ಚೈನಿಗೆ ಬಣ್ಣ ಆದ ಮೇಲೆ ಕೊನೆಗೆ ಅಂಟಿಸಿ. ಎಡಗಡೆ ನಾನು ಪುಸ್ತಕದ ಮಾತು ಕೇಳಿದೆ. ಅದರ ಫಲ ಇವತ್ತಿಗೂ ಕಾಣುತ್ತದೆ, ನಾಲ್ಕನೇ ಚಕ್ರದ ಮೇಲೆ ಚೈನು ಒಂದು ಮಿಲಿಮೀಟರ್ ಎದ್ದು ನಿಂತಿದೆ.

ಸಣ್ಣದೊಂದು ಅಡ್ಡಮಾತು. ಈ 1/35 ಅನ್ನುವ ವಿಚಿತ್ರ ಅಳತೆ ಎಲ್ಲಿಂದ ಬಂತು ಅಂತ ಯೋಚಿಸುತ್ತಿದ್ದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾದವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ ಒಳಗೆ ಮೋಟರ್, ಬ್ಯಾಟರಿ ಹಿಡಿಸಬೇಕಿತ್ತಂತೆ, ಅದಕ್ಕೆ ತಕ್ಕ ಗಾತ್ರ ಅಳೆದು ನೋಡಿದರೆ ಹೆಚ್ಚುಕಮ್ಮಿ ಮೂವತ್ತೈದನೇ ಒಂದು ಆಗಿತ್ತು. ಬ್ಯಾಟರಿ ಬೇರೆ ಗಾತ್ರದ್ದು ಇದ್ದಿದ್ದರೆ ನನ್ನ ಲಿಂಕ್ ಇನ್ನೊಂದು ಮಿಲಿಮೀಟರ್ ದೊಡ್ಡದಾಗುತ್ತಿತ್ತೋ ಏನೋ.

ಬಣ್ಣದ್ದು ಚುಟುಕಾಗಿ. ಚೈನಿಗೆ ಕಪ್ಪು ಪ್ರೈಮರ್, ಮೇಲೆ ಕಡುಕಂದು, ಒಣಗಿದ ಮೇಲೆ ನೆಲ ತಾಗುವ ಅಂಚುಗಳಿಗೆ 2ಬಿ ಪೆನ್ಸಿಲ್ ಉಜ್ಜಿದರೆ ಸವೆದ ಉಕ್ಕಿನ ಹೊಳಪು ಬರುತ್ತದೆ. ಹಿತ್ತಲಿನ ಕೆಮ್ಮಣ್ಣು ಹಾಕಲು ಹೋಗಬೇಡಿ. ಎಷ್ಟು ಜರಡಿ ಹಿಡಿದರೂ ಈ ಅಳತೆಯಲ್ಲಿ ಅದು ಜಲ್ಲಿಕಲ್ಲಾಗಿ ಕಾಣುತ್ತದೆ, ಚಾಕ್‌ಪೀಸ್ ಪುಡಿಯೇ ಸರಿ. ಹಿಂಬದಿಗೆ ಕೆಸರಿನಿಂದ ಮೇಲೆತ್ತಲು ಒಂದು ಮರದ ದಿಮ್ಮಿ ಕಟ್ಟಿರುತ್ತಾರೆ. ಕಿಟ್ಟಿನ ಪ್ಲಾಸ್ಟಿಕ್ ದಿಮ್ಮಿ ಮೇಣದಬತ್ತಿ ಹಾಗಿತ್ತು, ಅದನ್ನು ಬಿಟ್ಟು ಮಡಿಕೇರಿಯಿಂದ ಜೇಬಿನಲ್ಲಿ ಬಂದಿದ್ದ ಒಣ ಕಾಫಿ ಗಿಡದ ಕಡ್ಡಿ ಕತ್ತರಿಸಿ ಕಟ್ಟಿದೆ.

ಕೊಳ್ಳಬಹುದಾ ಅಂದರೆ, ಇದಕ್ಕೆ ಮುಂಚೆ ಮೂರ್ನಾಲ್ಕು ಕಿಟ್ ಕಟ್ಟಿದ್ದರೆ ಧಾರಾಳವಾಗಿ ಕೊಳ್ಳಿ. ಮೈಗೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ, ಲಿಂಕಿನ ಅಚ್ಚಿಗೆ ಎಂಟು, ಪುಸ್ತಕಕ್ಕೆ ಮೂರು ಕೊಟ್ಟರೆ ಜಾಸ್ತಿಯಾಯಿತು. ಮಕ್ಕಳ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ, ಆ ಮಗು ನಿಮ್ಮನ್ನು ಕ್ಷಮಿಸುವುದಿಲ್ಲ. ಕಿಟ್ಟಿನ ಬೆಲೆ ಜೊತೆಗೆ ಒಳ್ಳೆಯ ಕಟರ್, ದಪ್ಪ ಅಂಟು, ತೆಳು ಅಂಟು ಇವುಗಳ ಖರ್ಚನ್ನೂ ಸೇರಿಸಿಕೊಳ್ಳಿ. ಹೆಚ್ಚಿಗೆ ಕೊಟ್ಟಿರುವ ಹನ್ನೆರಡು ಲಿಂಕನ್ನು ಎಸೆಯಬೇಡಿ, ನನಗೆ ಹತ್ತು ಬೇಕಾದವು.

ಈಗ ಟ್ಯಾಂಕ್ ಟಿವಿ ಪಕ್ಕದ ಷೋಕೇಸಿನಲ್ಲಿದೆ. ಬಲಗಡೆ ಹೊರಗೆ, ಎಡಗಡೆ ಗೋಡೆ ಕಡೆಗೆ. ಮಗಳು ಧೂಳು ಒರೆಸುವಾಗ ಒಮ್ಮೊಮ್ಮೆ ತಿರುಗಿಸಿ ಇಡುತ್ತಾಳೆ, ನಾನು ಅವಳು ಅತ್ತ ಹೋದ ಮೇಲೆ ಮತ್ತೆ ತಿರುಗಿಸುತ್ತೇನೆ.